ಸೆನ್ಸಿಟಿವಿಟಿ: ಸ್ಪೀಕರ್ ಡಬ್ಬದ ಹಿಂದಿನ ಸಣ್ಣ ಅಂಕಿ

ಕಾರಿನಲ್ಲಿ ಬೇಸ್ ಸಾಲದು ಅನ್ನಿಸಿದರೆ ನಾವೆಲ್ಲ ಕೇಳುವುದು ಒಂದೇ ಮಾತು, 'ಎಷ್ಟು ವಾಟ್?' ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಡಬ್ಬದ ಮುಂದೆಯೂ ವಾಟ್ ದಪ್ಪ ಅಕ್ಷರದಲ್ಲಿರುತ್ತದೆ. ಡಬ್ಬ ತಿರುಗಿಸಿ ನೋಡಿ. ಸಣ್ಣ ಅಕ್ಷರದಲ್ಲಿ '90 ಡಿಬಿ, 1 ವಾಟ್, 1 ಮೀಟರ್' ಅಂತ ಏನೋ ಇರುತ್ತದೆ. ಅದೇ ಸೆನ್ಸಿಟಿವಿಟಿ.

ಸ್ಪೀಕರ್‌ಗೆ 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ (ಡಿಬಿ) ಸದ್ದು ಸಿಗುತ್ತದೆ ಅನ್ನುವುದು ಇದರ ಅರ್ಥ. ಬೈಕಿಗೆ ಮೈಲೇಜ್ ಇದ್ದ ಹಾಗೆ. ವಾಟ್ ನೀವು ಹಾಕಿಸುವ ಪೆಟ್ರೋಲ್ ಮಾತ್ರ.

ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡಿಬಿ ಅಷ್ಟೆ. 87 ಡಿಬಿ ಸ್ಪೀಕರ್ 100 ವಾಟ್ ತಿಂದು ಕೊಡುವ ಸದ್ದನ್ನು 90 ಡಿಬಿ ಸ್ಪೀಕರ್ 50 ವಾಟ್‌ನಲ್ಲೇ ಕೊಡುತ್ತದೆ. ಆ 3 ಡಿಬಿ ಕಿವಿಗೆ 'ಸ್ವಲ್ಪ ಜಾಸ್ತಿಯಾಯ್ತು' ಅನ್ನಿಸುತ್ತದೆ. ಎರಡು ಪಟ್ಟು ಜೋರು ಅನ್ನಿಸಲು ಸುಮಾರು 10 ಡಿಬಿ ಬೇಕು, ಅಂದರೆ ಹತ್ತು ಪಟ್ಟು ವಾಟ್!

ಕಾರಿನ ಸ್ಟೀರಿಯೊ ಮೇಲೆ '50 ವಾಟ್ x 4' ಅಂತ ಬರೆದಿರುತ್ತದಲ್ವಾ? ಇಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಅಷ್ಟರಲ್ಲಿ 4 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರ್‌ಗೆ ಶುದ್ಧವಾಗಿ ಕೊಡಬಹುದಾದದ್ದು ಹೆಚ್ಚೆಂದರೆ 25 ವಾಟ್, ನಿಜದಲ್ಲಿ 20ರ ಆಸುಪಾಸು. 50 ಬರುವುದು ಸದ್ದು ಪೂರ್ತಿ ಒಡೆದು ಹೋದ ಮೇಲೆ. ಹಾಗಾಗಿ ಬೇರೆ ಆಂಪ್ (ಆಂಪ್ಲಿಫೈಯರ್, ಸ್ಪೀಕರ್‌ಗೆ ವಾಟ್ ಕೊಡುವ ಪೆಟ್ಟಿಗೆ) ಇಲ್ಲದ ಕಾರಿಗೆ ಸೆನ್ಸಿಟಿವಿಟಿ ಜಾಸ್ತಿ ಇರುವ ಸ್ಪೀಕರ್ ಹಾಕಿಸುವುದೇ ಸರಿ.

ಸ್ಪೀಕರ್‌ಗೆ ಕೊಟ್ಟ ವಾಟ್‌ನಲ್ಲಿ ಸದ್ದಾಗದೆ ಉಳಿದದ್ದು ಎಲ್ಲಿ ಹೋಗುತ್ತದೆ? ಶಾಖವಾಗಿ. 88 ಡಿಬಿ ಸ್ಪೀಕರ್ ಸದ್ದಾಗಿ ಬದಲಿಸುವುದು ಬಂದ ವಿದ್ಯುತ್ತಿನ ಸುಮಾರು 0.4 ಶೇಕಡಾ ಮಾತ್ರ. ಮಿಕ್ಕಿದ್ದೆಲ್ಲ ಸ್ಪೀಕರ್ ಒಳಗಿನ ತಾಮ್ರದ ತಂತಿ ಸುತ್ತನ್ನು, ಅಂದರೆ ಕಾಯಿಲ್ ಅನ್ನು, ಬಿಸಿ ಮಾಡುತ್ತದೆ. ತಾಮ್ರ 100 ಡಿಗ್ರಿ ಬಿಸಿ ಏರಿದರೆ ಅದರ ರೆಸಿಸ್ಟೆನ್ಸ್ (ತಡೆ) ಸುಮಾರು 40 ಶೇಕಡಾ ಹೆಚ್ಚುತ್ತದೆ. ಆಗ ಆಂಪ್ ಎಷ್ಟೇ ದೊಡ್ಡದಿರಲಿ, ಸ್ಪೀಕರ್ ಅಷ್ಟು ವಿದ್ಯುತ್ ಎಳೆದುಕೊಳ್ಳುವುದೇ ಇಲ್ಲ.

ಅಂಕಿ ಹೋಲಿಸುವಾಗ ಒಂದು ಎಚ್ಚರ. ಕೆಲವರು 1 ವಾಟ್ ಬದಲು '2.83 ವೋಲ್ಟ್' ಅಂತ ಬರೆಯುತ್ತಾರೆ. 8 ಓಮ್‌ಗೆ ಅದು 1 ವಾಟ್, ಕಾರಿನ 4 ಓಮ್‌ಗೆ 2 ವಾಟ್. ಅಂಥ ಅಂಕಿಯಲ್ಲಿ 3 ಡಿಬಿ ಕಳೆದು ನೋಡಿ.

ಹಾಗಾದರೆ ಅಂಕಿ ದೊಡ್ಡದಿದ್ದರೆ ಬೇಸ್ ಬಂದೇ ಬಿಡುತ್ತದಾ? ಇಲ್ಲ. ಡಬ್ಬದ ಮೇಲಿನ ಅಂಕಿ ಹೆಚ್ಚಾಗಿ ಮಧ್ಯದ ಸ್ವರಗಳದ್ದು, 40 ಹರ್ಟ್ಜ್‌ನಂಥ ಆಳದ ಬೇಸಿನದಲ್ಲ. ಬೇಸ್‌ಗೆ ಹಾಫ್‌ಮನ್‌ನ ಕಟ್ಟಳೆ ಅಂತಲೇ ಒಂದಿದೆ. ಆಳದ ಬೇಸ್, ಚಿಕ್ಕ ಬಾಕ್ಸ್, ಹೆಚ್ಚು ಸೆನ್ಸಿಟಿವಿಟಿ, ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರೂ ಸಿಗುವುದಿಲ್ಲ. ಡಿಕ್ಕಿಯಲ್ಲಿ ಲಗೇಜಿಗೂ ಜಾಗ ಬೇಕು ಅಂತ ಪುಟ್ಟ ಸೀಲ್ಡ್ (ಪೂರ್ತಿ ಮುಚ್ಚಿದ) ಬಾಕ್ಸ್ ಇಟ್ಟರೆ ಅದಕ್ಕೆ ವಾಟ್ ಬೇಕೇ ಬೇಕು. ಅಲ್ಲಿ ದೊಡ್ಡ ಆಂಪ್‌ಗೆ ಕೊಟ್ಟ ದುಡ್ಡು ದಂಡವಲ್ಲ. ಜಾಗ ಬಿಟ್ಟುಕೊಟ್ಟು ದೊಡ್ಡ ಪೋರ್ಟೆಡ್ (ಗಾಳಿ ಕಿಂಡಿ ಇರುವ) ಬಾಕ್ಸ್ ಇಟ್ಟರೆ ಕಡಿಮೆ ವಾಟ್‌ನಲ್ಲೇ ಸೀಟು ನಡುಗುತ್ತದೆ. ಕಾರು ಪುಟ್ಟ ಕೋಣೆಯಾದ್ದರಿಂದ ಕಿಟಕಿ ಏರಿಸಿದಾಗ ತೀರಾ ತಗ್ಗಿನ ಸದ್ದು ತಾನಾಗಿಯೇ ಬಲವಾಗುತ್ತದೆ, ಅದೂ ಒಂದು ಅನುಕೂಲ.

ಡೋರ್ ಸ್ಪೀಕರ್‌ಗೆ ಬಾಕ್ಸ್ ಯಾವುದು? ಡೋರೇ. ನನ್ನ ಕಾರಿನಲ್ಲಿ ಹೊಸ ಸ್ಪೀಕರ್, ಹೊಸ ಆಂಪ್ ಎರಡೂ ಹಾಕಿಸಿದ ಮೇಲೂ ಬೇಸ್ ಬರಲಿಲ್ಲ. ಬೇಸರವಾಗಿ ಒಂದು ಭಾನುವಾರ ಪ್ಯಾನಲ್ ಬಿಚ್ಚಿದೆ. ಒಳಗಿನ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು. ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಹರಿದು ಜೋತಾಡುತ್ತಿತ್ತು. ಸ್ಪೀಕರ್ ಕೋನಿನ ಹಿಂದಿನ ಸದ್ದು ಆ ತೂತುಗಳಿಂದ ಹೊರಬಂದು ಮುಂದಿನ ಸದ್ದನ್ನು ನುಂಗುತ್ತಿತ್ತು. ತಗಡನ್ನು ಚೆನ್ನಾಗಿ ಒರೆಸಿ, ತಗಡಿನ ನಡುಕ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಕತ್ತರಿಸಿ ತೂತುಗಳಿಗೆ ಅಂಟಿಸಿ, ರೋಲರ್ ಒತ್ತಿ ಉಜ್ಜಿದೆ. ನೀರು ಇಳಿಯುವ ಕೆಳಗಿನ ಕಿಂಡಿಗಳನ್ನು ಮಾತ್ರ ಮುಟ್ಟಲಿಲ್ಲ. ಪ್ಯಾನಲ್ ಕೂರಿಸಿ ಹಾಡು ಹಾಕಿದೆ. ಆಂಪ್‌ನ ಗೇನ್ (ಸದ್ದಿನ ಮಟ್ಟ ಹೊಂದಿಸುವ ತಿರುಪು) ಮೊದಲಿದ್ದಲ್ಲೇ ಇತ್ತು, ತಬಲಾದ ಎಡ ಮಾತ್ರ ಈಗ ಎದೆಗೆ ತಟ್ಟುತ್ತಿತ್ತು.