ಸ್ಕಾಟ್ಸ್ ನಾಟಕ ಮಾಡಿಸುವಾಗ ಮೊದಲ ಹತ್ತು ನಿಮಿಷ

ಸ್ಕಾಟ್ಸ್ ಭಾಷೆಯ ನಾಟಕಗಳನ್ನು ಊರೂರಿಗೆ ಒಯ್ಯುವ ಸಣ್ಣ ತಂಡಗಳಿಗೆ ನಿರ್ದೇಶನ ಮಾಡುವುದು ನನ್ನ ಕೆಲಸ. ಕನ್ನಡದ ಗೆಳೆಯರು ಮೊದಲು ಕೇಳುವುದು ಒಂದೇ ಪ್ರಶ್ನೆ: ಅದು ಇಂಗ್ಲಿಷೇ ಅಲ್ವಾ? ಅಲ್ಲ. ಹಳೆಯ ಇಂಗ್ಲಿಷಿನ ಉತ್ತರದ ಕವಲಿನಿಂದ ಬೆಳೆದು ಬಂದ, ಇಂಗ್ಲಿಷಿನ ಒಡಹುಟ್ಟಿದ ಭಾಷೆ ಅದು. ಸ್ಕಾಟ್ಲೆಂಡಿನ ಇನ್ನೊಂದು ಭಾಷೆ ಗೇಲಿಕ್ ಬೇರೆಯೇ ಗುಂಪಿನದು, ಸೆಲ್ಟಿಕ್ ಗುಂಪಿನದು, ಎರಡನ್ನೂ ಬೆರೆಸಬೇಡಿ. ಸ್ಕಾಟ್ಸ್ ಮಾತಾಡುತ್ತೇವೆ ಎಂದು ಸ್ಕಾಟ್ಲೆಂಡಿನ ಜನಗಣತಿಯಲ್ಲಿ ಬರೆಸಿದವರು ಸುಮಾರು 15 ಲಕ್ಷ ಜನ. 2025ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಯ್ದೆ ಮಾಡಿ ಅದಕ್ಕೂ ಗೇಲಿಕ್‌ಗೂ ಅಧಿಕೃತ ಸ್ಥಾನ ಕೊಟ್ಟಿತು.

ಇಷ್ಟು ಜನ ಆಡುವ ಭಾಷೆಯನ್ನು ಓದಿ ಅಭ್ಯಾಸ ಇರುವವರು ತೀರಾ ಕಡಿಮೆ. ಮನೆಯಲ್ಲಿ ಆಡಿದ ಮಾತನ್ನು ಶಾಲೆಯಲ್ಲಿ ತಲೆಮಾರುಗಟ್ಟಲೆ ತಿದ್ದಿದ್ದಾರೆ. ನಟರೂ ಅದೇ ಶಾಲೆಗಳಿಂದ ಬಂದವರು. ಅಜ್ಜಿಯ ಜೊತೆ ಫೋನಿನಲ್ಲಿ ಸಲೀಸಾಗಿ ಸ್ಕಾಟ್ಸ್ ಆಡುವ ಹುಡುಗಿ, ಅದೇ ಮಾತು ಸ್ಕ್ರಿಪ್ಟಿನಲ್ಲಿ ಕಂಡ ಕೂಡಲೇ ತಡವರಿಸುತ್ತಾಳೆ. ನಿರ್ದೇಶಕರ ಕೆಲಸ ಶುರುವಾಗುವುದು ಅಲ್ಲಿಂದ.

ಜೋ ಕಾರಿ ಅವರ ‘ಇನ್ ಟೈಮ್ ಓ ಸ್ಟ್ರೈಫ್’ ನಾಟಕವನ್ನೇ ತೆಗೆದುಕೊಳ್ಳೋಣ. ಕಾರಿ ಫೈಫ್ ಪ್ರದೇಶದ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. 1926ರಲ್ಲಿ ಬ್ರಿಟನ್ನಿನ ಗಣಿ ಮಾಲೀಕರು ಕೂಲಿ ಇಳಿಸಲು ಹೊರಟರು, ಒಪ್ಪದವರನ್ನು ಹೊರಗಿಟ್ಟು ಗಣಿ ಬಾಗಿಲು ಹಾಕಿದರು. ತಿಂಗಳುಗಟ್ಟಲೆ ನಡೆದ ಆ ಹೋರಾಟದ ಕೊನೆಯ ದಿನಗಳು, ಒಂದು ಮನೆಯ ಅಡುಗೆಕೋಣೆ, ಹಸಿವು, ಮಗಳು ಪ್ರೀತಿಸುವ ಹುಡುಗನೇ ಜೊತೆಯವರನ್ನು ಬಿಟ್ಟು ಕೆಲಸಕ್ಕೆ ಹೋಗಿಬಿಡುವುದು: ಇದು ಕಥೆ. ಗಣಿ ಊರಿನ ಹವ್ಯಾಸಿಗಳೇ ಇದನ್ನು ಮೊದಲು ಆಡಿದರು. ಒಂದೇ ಕೋಣೆಯ ಸೆಟ್. ಪಾತ್ರಗಳು ಜಾಸ್ತಿ, ಹಾಗಾಗಿ ಸಣ್ಣ ತಂಡದಲ್ಲಿ ಒಬ್ಬರೇ ಎರಡು ಪಾತ್ರ ಹೊರಬೇಕಾಗುತ್ತದೆ, ಅದೇನು ದೊಡ್ಡ ತೊಂದರೆಯಲ್ಲ.

ತೊಂದರೆ ಇರುವುದು ಅಪಾಸ್ಟ್ರಫಿಯಲ್ಲಿ. ಹಳೆಯ ಮುದ್ರಣಗಳಲ್ಲಿ ಸ್ಕಾಟ್ಸ್ ಪದಗಳ ತುಂಬಾ ಆ ಗುರುತು, ಈ ನಾಟಕದ ಹೆಸರಿನಲ್ಲೇ ಒಂದಿದೆ (In Time o’ Strife). ಇಂಗ್ಲಿಷಿನಲ್ಲಿ ಇರಬೇಕಾದ ಅಕ್ಷರ ಇಲ್ಲಿ ಬಿಟ್ಟುಹೋಗಿದೆ ಎನ್ನುವ ಸೂಚನೆ ಅದು, 18ನೇ ಶತಮಾನದಲ್ಲಿ ಬೇರೂರಿದ ರೂಢಿ. ನಿಜ ಹೇಳಬೇಕೆಂದರೆ ಏನೂ ಬಿಟ್ಟುಹೋಗಿಲ್ಲ, ಪದ ಇರುವುದೇ ಹಾಗೆ. ಆದರೆ ಗುರುತು ಕಂಡ ನಟ ಆ ಪದವನ್ನು ಅರ್ಧ ನುಂಗುತ್ತಾನೆ, ಸಾಲು ಬಿದ್ದುಹೋಗುತ್ತದೆ. ಅದಕ್ಕೇ ಹಕ್ಕುದಾರರನ್ನು ಕೇಳಿಕೊಂಡು, ರಿಹರ್ಸಲ್ ಪ್ರತಿಯನ್ನು ಆ ಗುರುತುಗಳಿಲ್ಲದೆ ಹೊಸದಾಗಿ ಟೈಪ್ ಮಾಡಿಸುತ್ತೇನೆ. ಒಂದು ಪದವೂ ಬದಲಾಗುವುದಿಲ್ಲ, ಆದರೂ ಮರುದಿನದ ಓದು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯದು ಊರು. ಸ್ಕಾಟ್ಸ್ ಬರೆಯುವುದಕ್ಕೆ ಎಲ್ಲರೂ ಒಪ್ಪಿದ ಒಂದೇ ಕಾಗುಣಿತವಿಲ್ಲ, ಆಡುವ ಮಾತೂ ಊರಿಗೊಂದು ಥರ. ಮಗುವಿಗೆ ಫೈಫ್‌ನವರು ‘ಬೇರ್ನ್’ ಅಂದರೆ ಗ್ಲಾಸ್ಗೋದವರು ‘ವೇನ್’ ಅನ್ನುತ್ತಾರೆ, ಅಬರ್ಡೀನ್ ಕಡೆಯ ಡೋರಿಕ್ ಮಾತಿನಲ್ಲಿ ‘ವಾಟ್’ ಎನ್ನುವ ಕಡೆ ‘ಫಿಟ್’ ಬರುತ್ತದೆ. ನಟರು ನಾಲ್ಕು ದಿಕ್ಕಿನಿಂದ ಬಂದಿರುತ್ತಾರೆ. ಸುಮ್ನೆ ಬಿಟ್ಟರೆ ಒಂದೇ ಮನೆಯಲ್ಲಿ ತಾಯಿ ಧಾರವಾಡದ ಕನ್ನಡ, ಮಗ ಕುಂದಾಪುರದ ಕನ್ನಡ ಆಡಿದ ಹಾಗಾಗುತ್ತದೆ. ಆದ್ದರಿಂದ ಆ ಕುಟುಂಬ ಯಾವ ಊರಿನದು ಎಂದು ಮೊದಲ ದಿನವೇ ಗಟ್ಟಿ ಮಾಡಿಕೊಳ್ಳಬೇಕು. ಸ್ಕಾಟ್ಸ್ ಭಾಷೆಯ ದೊಡ್ಡ ನಿಘಂಟುಗಳು ಈಗ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ, ಯಾವ ಪದ ಯಾವ ಪ್ರದೇಶದ್ದು ಎಂದೂ ತೋರಿಸುತ್ತವೆ, ಅದು ಮೇಜಿನ ಮೇಲೆ ತೆರೆದೇ ಇರಲಿ. ಅದಕ್ಕಿಂತ ಒಳ್ಳೆಯ ದಾರಿ ಅಂದರೆ ಆ ಊರಿನ ವಯಸ್ಸಾದವರೊಬ್ಬರನ್ನು ಕರೆದು, ಟೀ ಕೊಟ್ಟು, ಅವರ ಕೈಗೆ ಸ್ಕ್ರಿಪ್ಟ್ ಕೊಟ್ಟು ಓದಿಸುವುದು. ಉಸಿರು ಎಲ್ಲಿ ನಿಲ್ಲುತ್ತದೆ, ಬೈಗುಳ ಎಲ್ಲಿ ಅಕ್ಕರೆಯಾಗುತ್ತದೆ ಎಂಬುದನ್ನು ನಿಘಂಟು ಹೇಳಿಕೊಡುವುದಿಲ್ಲ. ಆಮೇಲೆ ಪ್ರವಾಸದಲ್ಲಿ ಯಾವ ಊರಿಗೆ ಹೋದರೂ ಪಾತ್ರದ ಮಾತು ಬದಲಿಸಬಾರದು. ಅಬರ್ಡೀನಿನವರಿಗೆ ಫೈಫ್‌ನ ಮಾತು ಬೇರೆ ಅನ್ನಿಸುತ್ತದೆ, ಅನ್ನಿಸಲಿ, ಅವರೇನು ಸೋಲುವುದಿಲ್ಲ.

ಕಿವಿ ಹೊಂದಿಕೊಳ್ಳಲು ಸುಮಾರು ಹತ್ತು ನಿಮಿಷ ಬೇಕು. ನನ್ನ ಅನುಭವದಲ್ಲಿ ಸ್ಕಾಟ್ಸ್ ನಾಟಕ ಗೆಲ್ಲುವುದೂ ಸೋಲುವುದೂ ಅಲ್ಲೇ. ಅಷ್ಟು ಹೊತ್ತು ಕಥೆಗೆ ಬೇಕಾದ ಗುಟ್ಟು ಯಾವುದನ್ನೂ ಬರೀ ಮಾತಿನ ಮೇಲೆ ಬಿಡಬಾರದು. ಕೈ ಮೊದಲು, ಮಾತು ಆಮೇಲೆ. ತಾಯಿ ಹಿಟ್ಟಿನ ಡಬ್ಬಿ ತೆಗೆಯುತ್ತಾಳೆ, ಬಗ್ಗಿ ನೋಡುತ್ತಾಳೆ, ಬೆರಳಿನಿಂದ ತಳ ಕೆರೆಯುತ್ತಾಳೆ, ಮುಚ್ಚಿ ಹಿಂದಕ್ಕಿಡುತ್ತಾಳೆ. ಆಮೇಲೆ ಬಾಯಿ ತೆರೆದಾಗ ಅವಳು ಯಾವ ಪದ ಬಳಸಿದರೂ ಜನಕ್ಕೆ ಅರ್ಥವಾಗಿರುತ್ತದೆ. ಹಾಗಂತ ಪ್ರತಿ ಪದಕ್ಕೂ ಅಭಿನಯ ಮಾಡಿ ತೋರಿಸುವುದನ್ನು ನಾನು ಒಪ್ಪುವುದಿಲ್ಲ. ನೋಡುವವರನ್ನು ದಡ್ಡರೆಂದು ತಿಳಿದಂತಾಗುತ್ತದೆ ಅದು. 1948ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ನಿರ್ದೇಶಕ ಟೈರೋನ್ ಗಥ್ರಿ 16ನೇ ಶತಮಾನದ ಕವಿ ಡೇವಿಡ್ ಲಿಂಡ್ಸೇಯ ಸ್ಕಾಟ್ಸ್ ನಾಟಕವನ್ನು ಅಸೆಂಬ್ಲಿ ಹಾಲ್‌ನಲ್ಲಿ ಆಡಿಸಿದರು, ವೇದಿಕೆಯನ್ನು ಜನರ ನಡುವೆ ಚಾಚಿ. ದೂರದಿಂದ ಕೇಳಿದರೆ ಕಷ್ಟವೆನಿಸುವ ಮಾತು ನಟನ ಮುಖ ಹತ್ತಿರ ಕಂಡರೆ ಸುಲಭವಾಗುತ್ತದೆ. ಹಳ್ಳಿಯ ಹಾಲ್‌ನಲ್ಲಿ ನಾನೂ ಎತ್ತರದ ವೇದಿಕೆ ಬಿಟ್ಟು ನೆಲದ ಮೇಲೇ ಆಡಿಸಲು ನೋಡುತ್ತೇನೆ.

ಆ ಹಾಲ್‌ಗಳ ಬಗ್ಗೆ ಹೇಳಲೇಬೇಕು. ನೆಲದಲ್ಲಿ ಬ್ಯಾಡ್ಮಿಂಟನ್ ಗೆರೆಗಳು, ಪಕ್ಕದಲ್ಲಿ ಟೀ ಕೊಡುವ ಕಿಟಕಿ, ಗೋಡೆಯಲ್ಲಿ 13 ಆಂಪಿಯರಿನ ಸಾಕೆಟ್. ಒಂದು ಸಾಕೆಟ್‌ನಿಂದ ಎಳೆಯಬಹುದಾದ್ದು ಸುಮಾರು 3 ಕಿಲೋವ್ಯಾಟ್, ಅಂದರೆ ಹಳೆಯ ಕಾಲದ ಒಂದು ಕಿಲೋವ್ಯಾಟ್ ಲೈಟು ಮೂರೇ ಮೂರು. ಅಡುಗೆಮನೆಯಲ್ಲಿ ವಿದ್ಯುತ್ ಒಲೆಗೆಂದು ಹಾಕಿದ, ಹೆಚ್ಚು ಕರೆಂಟು ತಡೆಯುವ ಲೈನ್ ಸಿಕ್ಕಿದರೆ ತಂತ್ರಜ್ಞರ ಮುಖ ಅರಳುತ್ತಿತ್ತು. ಎಲ್‌ಇಡಿ ಬಂದ ಮೇಲೆ ಈ ಕಷ್ಟ ಎಷ್ಟೋ ಇಳಿದಿದೆ. ಸೆಟ್ ವ್ಯಾನಿಗೆ ಹಿಡಿಸಬೇಕು, ಮಧ್ಯಾಹ್ನ ಇಳಿಸಿದರೆ ಸಂಜೆಯೊಳಗೆ ನಿಲ್ಲಬೇಕು. 1973ರಲ್ಲಿ ‘7:84’ ಎಂಬ ಹೆಸರಿನ ನಾಟಕ ತಂಡ ಜಾನ್ ಮೆಕ್‌ಗ್ರಾತ್ ಅವರ ನಾಟಕವನ್ನು ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆ ಹೈಲ್ಯಾಂಡ್ಸ್‌ನ ಹಾಲ್‌ಗಳಿಗೆ ಒಯ್ದಾಗ ಜಾನ್ ಬರ್ನ್ ಮಾಡಿಕೊಟ್ಟ ಸೆಟ್ ಒಂದು ದೈತ್ಯ ಪುಸ್ತಕ. ಹಾಳೆ ತಿರುಗಿಸಿದರೆ ಮಡಿಚಿಟ್ಟ ದೃಶ್ಯ ಎದ್ದು ನಿಲ್ಲುತ್ತಿತ್ತು. ಪ್ರವಾಸದ ಸೆಟ್ ಅಂದರೆ ಈಗಲೂ ನನಗೆ ನೆನಪಾಗುವುದು ಅದೇ.

ಹಾಲ್‌ಗಳಲ್ಲಿ ಸದ್ದು ಮಾರ್ದನಿಸುತ್ತದೆ. ಸ್ಕಾಟ್ಸ್‌ನ ‘ರ’ ಮತ್ತು ಗಂಟಲಿನಿಂದ ಬರುವ ‘ಖ್’ ಸದ್ದು ಅದನ್ನೂ ಸೀಳಿಕೊಂಡು ಹಿಂದಿನ ಸಾಲಿಗೆ ತಲುಪುತ್ತವೆ. ಪೇಟೆ ಕಡೆಯ ಮಾತಿನಲ್ಲಿ ಪದದ ನಡುವಿನ, ಕೊನೆಯ ‘ಟ’ ಗಂಟಲಲ್ಲೇ ನಿಂತುಬಿಡುತ್ತದೆ, ಆಗ ಪದಗಳು ಕಲಸಿಹೋಗುತ್ತವೆ. ಅಲ್ಲಿ ‘ಟ’ ತಂದು ಅಂಟಿಸಿದರೆ ಪಾತ್ರ ಬೇರೆ ಊರಿನವನಾಗಿಬಿಡುತ್ತಾನೆ. ಅದರ ಬದಲು ಹಿಂದಿನ ಸ್ವರವನ್ನು ಸ್ವಲ್ಪ ಗಟ್ಟಿಯಾಗಿ ಹಿಡಿಯಿರಿ, ಒತ್ತು ಕ್ರಿಯಾಪದಕ್ಕೆ ಕೊಡಿ, ವೇಗ ಇಳಿಸಿ ಎನ್ನುತ್ತೇನೆ.

ಭಾಷೆಯನ್ನು ಸ್ವಲ್ಪ ತೆಳು ಮಾಡಿ ಎಂಬ ಸಲಹೆ ಪ್ರತಿ ಸಲವೂ ಬರುತ್ತದೆ, ಬಹಳ ಮಟ್ಟಿಗೆ ನಾಟಕದ ಊರಿನಿಂದ ದೂರ ಇರುವವರಿಂದ. ನಾನು ಒಪ್ಪುವುದಿಲ್ಲ. ತೆಳು ಮಾಡಿದ್ದು ಮುಂದಿನ ಸಾಲಿನಲ್ಲಿ ಕೂತ ಗಣಿ ಊರಿನ ಅಜ್ಜಿಗೆ ತಕ್ಷಣ ಗೊತ್ತಾಗುತ್ತದೆ, ಇದು ನಮಗಲ್ಲ ಎಂದು ಆಕೆ ಕೈಕಟ್ಟಿ ಕೂರುತ್ತಾರೆ. ಪದಗಳ ಅರ್ಥದ ಪಟ್ಟಿಯನ್ನೂ ನಾಟಕಕ್ಕೆ ಮೊದಲು ಹಂಚಬಾರದು, ಹಂಚಿದರೆ ಜನ ಕಾಗದ ನೋಡುತ್ತಾರೆ, ನಟರನ್ನಲ್ಲ. ಬೇಕಾದವರಿಗೆ ನಾಟಕ ಮುಗಿದ ಮೇಲೆ ಕೊಡಿ.

ಕಿವಿ ಕೇಳದವರಿಗಾಗಿ ಪರದೆಯಲ್ಲಿ ಹಾಕುವ ಅಡಿಬರಹಗಳ ಮಾತು ಬೇರೆ, ಅವು ಇರಲೇಬೇಕು. ಆದರೆ ಅವೂ ಸ್ಕಾಟ್ಸ್‌ನಲ್ಲೇ ಇರಬೇಕು, ನಟ ಆಡಿದ ಪದವೇ ಪರದೆಯಲ್ಲಿ ಬರಬೇಕು. ಅವರೂ ನೋಡಲು ಬಂದಿರುವುದು ಇದೇ ನಾಟಕವನ್ನು. ಅಡಿಬರಹ ಮಾಡುವವರ ಕಂಪ್ಯೂಟರ್ ಸ್ಕಾಟ್ಸ್ ಪದಗಳನ್ನೆಲ್ಲ ತಪ್ಪೆಂದು ತಿದ್ದಿಹಾಕಬಹುದು, ಹಾಗಾಗಿ ಆಟೋಕರೆಕ್ಟ್ ಆಫ್ ಮಾಡಿಸಿ, ಕೊನೆಯ ಸ್ಕ್ರಿಪ್ಟನ್ನು ಮೊದಲ ಪ್ರದರ್ಶನಕ್ಕೆ ಒಂದು ವಾರ ಮುಂಚೆಯಾದರೂ ಅವರ ಕೈಗೆ ಕೊಡಿ.