ಮೈಗೆ ಹಾಕಲಾಗದ ಅಂಗಿಯ ಬೆಲೆ

ಕಳೆದ ಸುಗ್ಗಿಯಲ್ಲಿ ತೀರ್ಥಹಳ್ಳಿ ಸಮೀಪದ ಸಂಬಂಧಿಕರ ಮನೆಯ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಯುತ್ತಿದ್ದಾಗ, ಕಾಲೇಜಿಗೆ ಹೋಗುವ ಹುಡುಗನೊಬ್ಬ ಮೊಬೈಲಿನ ಆಟದೊಳಗಿನ ತನ್ನ ಗೊಂಬೆಗೆ ಐನೂರು ರೂಪಾಯಿಯ ಅಂಗಿ ಕೊಡಿಸಿದ್ದ ಸಂಗತಿ ಬಯಲಾಯಿತು. ಮೆಟ್ಟುಗತ್ತಿಯ ಮುಂದೆ ಕುಳಿತಿದ್ದ ಅವನ ದೊಡ್ಡಪ್ಪ ಕೈ ನಿಲ್ಲಿಸದೆಯೇ, "ಅಲ್ಲ ಮಾರಾಯ, ಮೈಗೆ ಹಾಕಕ್ಕೆ ಬರದ ಅಂಗಿಗೆ ಐನೂರು ರೂಪಾಯಿ ಕೊಟ್ಯನಾ?" ಎಂದರು. ಹುಡುಗನೂ ಸುಮ್ಮನಿರಲಿಲ್ಲ: "ಹೋದ ವರ್ಷ ನೀವು ಮೇಳದ ಆಟ ಆಡ್ಸಿದ್ರಲ್ಲ ದೊಡ್ಡಪ್ಪ, ಬೆಳಗಾದ ಮೇಲೆ ಕೈಯಲ್ಲಿ ಏನು ಉಳೀತು?" ಎಂದ. ಸುಲಿಯುತ್ತಿದ್ದವರೆಲ್ಲ ನಕ್ಕರು, ಮಾತು ಕೊಳೆರೋಗದ ಕಡೆಗೆ ಹೊರಳಿತು.

ಕಂಪ್ಯೂಟರು, ಮೊಬೈಲುಗಳೊಳಗೆ ಕಟ್ಟಿದ ವರ್ಚುವಲ್ ಲೋಕಗಳ ಮೇಲೆ ಜನರು ಮಾಡುವ ಖರ್ಚಿನ ಕುರಿತು ಚಲಾವಣೆಯಲ್ಲಿರುವ ಅಭಿಪ್ರಾಯಗಳು ಎರಡೇ. ಇಲ್ಲದ ವಸ್ತುವಿಗೆ ಹಣ ಕೊಡುವವರಿಗೆ ಬುದ್ಧಿಯಿಲ್ಲ ಎಂಬುದು ಮೊದಲನೆಯದು; ಅಲ್ಲಿ ಲಕ್ಷ, ಕೋಟಿಗಳ ವಹಿವಾಟು ನಡೆಯುತ್ತದೆ ಎಂಬ ಬೆರಗು ಎರಡನೆಯದು. ಮೊದಲನೆಯದಕ್ಕೆ ಹುಡುಗನೇ ಉತ್ತರ ಕೊಟ್ಟಿದ್ದಾನೆ. ಯಕ್ಷಗಾನದ ರಂಗಸ್ಥಳದ ಮೇಲೆ ಒಂದು ರಾತ್ರಿ ಹುಟ್ಟಿ ಬೆಳಗಿನ ಜಾವಕ್ಕೆ ಕರಗುವ ಲೋಕಕ್ಕೆ ಹಣ ಕೊಡುವುದು ನಮಗೆ ಹೊಸದಲ್ಲ, ವೇಷಕ್ಕೆ ಬೆಲೆ ಕಟ್ಟುವುದೂ ಹೊಸದಲ್ಲ. (1986ರಲ್ಲಿ ಲ್ಯೂಕಾಸ್ ಫಿಲ್ಮ್ ಕಂಪನಿಯವರು 'ಹ್ಯಾಬಿಟಾಟ್' ಎಂಬ ಲೋಕವನ್ನು ಕಟ್ಟಿದಾಗ, ಆಟಗಾರನ ಗೊಂಬೆಗೆ 'ಅವತಾರ' ಎಂದೇ ಹೆಸರಿಟ್ಟರು. ನಮ್ಮ ಮಾತು ಕಡಲು ದಾಟಿ ಹೋಗಿ, ಈಗ ನಮ್ಮ ಮಕ್ಕಳಿಂದಲೇ ಶುಲ್ಕ ವಸೂಲು ಮಾಡುತ್ತಿದೆ.) ಎರಡನೆಯ ಅಭಿಪ್ರಾಯವೇ ಹೆಚ್ಚು ದಾರಿ ತಪ್ಪಿಸುವಂಥದ್ದು. ಏಕೆಂದರೆ 'ಎಷ್ಟು ಖರ್ಚು' ಎಂಬ ಪ್ರಶ್ನೆಗೆ ಮೊದಲು 'ಮೀಟರ್ ಯಾವುದಕ್ಕೆ ಕೂರಿಸಿದೆ' ಎಂಬ ಪ್ರಶ್ನೆಯನ್ನು ಕೇಳದೆ ಉತ್ತರ ಸಿಗುವುದಿಲ್ಲ.

ಅಡಿಕೆ ಕೆಲಸದಲ್ಲಿಯೇ ಇದನ್ನು ನೋಡಬಹುದು. ತೋಟದ ಕೆಲಸಕ್ಕೆ ದಿನಗೂಲಿ. ಅಲ್ಲಿ ಮೀಟರ್ ಇರುವುದು ಸಮಯಕ್ಕೆ. ಸುಲಿಯುವುದಕ್ಕೆ ಡಬ್ಬಕ್ಕಿಷ್ಟು ಎಂದು ಕೊಡುವ ಕಡೆ ಮೀಟರ್ ವಸ್ತುವಿಗೆ ಅಂಟಿಕೊಂಡಿದೆ. ಇಡೀ ಫಸಲನ್ನು ಮರದಲ್ಲಿದ್ದಾಗಲೇ ಗುತ್ತಿಗೆಗೆ ಕೊಟ್ಟರೆ ಮೀಟರೇ ಇಲ್ಲ, ಒಂದೇ ಮೊತ್ತ. ಕೆಲಸ ಅದೇ, ತೋಟವೂ ಅದೇ, ಆದರೆ ಕೈಯಿಂದ ಕೈಗೆ ಹೋಗುವ ಹಣವೂ ಕೆಲಸದವರ ವೇಗವೂ ಮೂರು ಬಗೆಯಲ್ಲಿ ಬೇರೆ ಬೇರೆಯಾಗಿರುತ್ತವೆ. ವರ್ಚುವಲ್ ಲೋಕಗಳ ಚರಿತ್ರೆಯೆಂದರೆ ಮೀಟರ್ ಒಂದು ಜಾಗದಿಂದ ಇನ್ನೊಂದಕ್ಕೆ ಸರಿದ ಚರಿತ್ರೆ.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಕಟ್ಟಿದ 'ಮಡ್' ಎಂಬ ಲೋಕದಲ್ಲಿ ಚಿತ್ರಗಳಿರಲಿಲ್ಲ, ಬರಿಯ ಅಕ್ಷರಗಳಿದ್ದವು. ವಿಶ್ವವಿದ್ಯಾಲಯದ ಕಂಪ್ಯೂಟರ್ ಬಿಡುವಾಗಿರುವ ರಾತ್ರಿಯ ಹೊತ್ತಿನಲ್ಲಿ ಹೊರಗಿನವರಿಗೂ ಪ್ರವೇಶವಿತ್ತು. ಅವರಿಗೆ ತಗಲುತ್ತಿದ್ದ ಖರ್ಚೆಂದರೆ ದೂರವಾಣಿಯ ಬಿಲ್ಲು. 1985ರಲ್ಲಿ ಅಮೆರಿಕದ ಕಂಪ್ಯುಸರ್ವ್ ಜಾಲದ ಮೇಲೆ 'ಐಲ್ಯಾಂಡ್ ಆಫ್ ಕೆಸ್ಮಾಯ್' ಎಂಬ ಆಟ ಬಂದಾಗ ದರ ಗಂಟೆಗೆ 6 ಡಾಲರ್ ಇತ್ತು, ಕಂಪ್ಯೂಟರನ್ನು ದೂರವಾಣಿ ತಂತಿಗೆ ಜೋಡಿಸುವ ಮೋಡೆಮ್ ಸ್ವಲ್ಪ ವೇಗದ್ದಾಗಿದ್ದವರಿಗೆ 12 ಡಾಲರ್. ಎಸ್‌ಟಿಡಿ ಬೂತಿನ ಕೆಂಪು ಅಂಕಿಗಳನ್ನು ನೋಡುತ್ತಾ ಮಾತನಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಕಿ ಏರುತ್ತಿದ್ದಂತೆ ಮಾತು ಚುಟುಕಾಗುತ್ತಿತ್ತು, ಕುಶಲ ಸಮಾಚಾರಕ್ಕೆ ರಾತ್ರಿಯ ಕಡಿಮೆ ದರದ ಹೊತ್ತನ್ನು ಕಾಯಬೇಕಿತ್ತು. ಗಂಟೆಯ ಮೀಟರ್ ದುಬಾರಿಯಾದರೂ ಅದಕ್ಕೊಂದು ಮೇಲ್ಮಿತಿಯಿತ್ತು: ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ. ಎಷ್ಟೇ ಶ್ರೀಮಂತನಾದರೂ ದಿನಕ್ಕೆ ಇಪ್ಪತ್ತೈದು ಗಂಟೆಯ ಶುಲ್ಕ ಕಟ್ಟಲಾರ.

1997ರ 'ಅಲ್ಟಿಮಾ ಆನ್‌ಲೈನ್' ತಿಂಗಳಿಗೆ 9.95 ಡಾಲರಿನ ಏಕಮೊತ್ತವನ್ನು ತಂದಿತು. 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' 14.99 ಡಾಲರ್ ಪಡೆಯಿತು. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ ಅರವತ್ತು ಗಂಟೆ ಆಡುವವನನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 1985ರಲ್ಲಿ ಅವನಿಗೆ 360ರಿಂದ 720 ಡಾಲರ್ ಬೀಳುತ್ತಿತ್ತು. 2004ರಲ್ಲಿ ಗಂಟೆಗೆ 25 ಸೆಂಟ್. ಹವ್ಯಾಸಗಳ ಪಟ್ಟಿಯಲ್ಲಿ ಇಷ್ಟು ಅಗ್ಗದ್ದು ಸಿಗುವುದು ಕಷ್ಟ.

ಎಲ್ಲರೂ ಒಂದೇ ಶುಲ್ಕ ಕಟ್ಟುವ ಲೋಕದಲ್ಲಿ ಒಂದು ವಿಚಿತ್ರ ಘಟಿಸಿತು. ಹಣವಿದ್ದು ಸಮಯವಿಲ್ಲದವರು, ಸಮಯವಿದ್ದು ಹಣವಿಲ್ಲದವರಿಂದ ಆಟದೊಳಗಿನ ಕತ್ತಿ, ಕವಚ, ನಾಣ್ಯಗಳನ್ನು ಹೊರಗಿನ ಹರಾಜು ತಾಣಗಳಲ್ಲಿ ಕೊಳ್ಳತೊಡಗಿದರು. ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅರ್ಥಶಾಸ್ತ್ರಜ್ಞ 'ಎವರ್‌ಕ್ವೆಸ್ಟ್' ಆಟದ ನೊರಾತ್ ಎಂಬ ಕಲ್ಪಿತ ನಾಡಿನ ಇಂಥ ವ್ಯಾಪಾರವನ್ನು ಹಿಡಿದು, ಅದನ್ನೊಂದು ದೇಶವೆಂದೇ ಪರಿಗಣಿಸಿ ಲೆಕ್ಕ ಹಾಕಿದರು. ಅವರ 2001ರ ಪ್ರಬಂಧದ ಪ್ರಕಾರ ನೊರಾತ್‌ನ ನಿವಾಸಿಯೊಬ್ಬ ಗಂಟೆಗೆ 3.42 ಡಾಲರ್ ಬೆಲೆಯ ಸಂಪತ್ತನ್ನು ಸೃಷ್ಟಿಸುತ್ತಿದ್ದ; ತಲಾ ರಾಷ್ಟ್ರೀಯ ಉತ್ಪನ್ನ 2266 ಡಾಲರ್ ಆಗಿ, ಆ ನಾಡು ರಷ್ಯಾ ಮತ್ತು ಬಲ್ಗೇರಿಯಾಗಳ ನಡುವೆ ನಿಲ್ಲುತ್ತಿತ್ತು. ಈ ವ್ಯಾಪಾರವನ್ನು ಕಂಡ ಕಂಪನಿಗಳಿಗೆ ಹೊಳೆದ ವಿಚಾರ ಸರಳವಾಗಿತ್ತು: ಬೀದಿಯಲ್ಲಿ ಯಾರೋ ಮಾರುವುದನ್ನು ನಾವೇ ಅಂಗಡಿಯಿಟ್ಟು ಮಾರಿದರೇನು? ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪನಿ ಆ ಹೊತ್ತಿಗಾಗಲೇ, 1999ರ ಸುಮಾರಿಗೆ, ಪ್ರವೇಶವನ್ನು ಉಚಿತಗೊಳಿಸಿ ಒಳಗೆ ವಸ್ತುಗಳನ್ನು ಮಾರುವ ದಾರಿ ಹಿಡಿದಿತ್ತು. ಹೀಗೆ ಮೀಟರ್ ಗಡಿಯಾರದಿಂದ ಕಳಚಿಕೊಂಡು ಆಸೆಯ ಮೇಲೆ ಹೋಗಿ ಕುಳಿತಿತು. ಆಸೆಗೆ ಇಪ್ಪತ್ತನಾಲ್ಕು ಗಂಟೆಯ ಮೇಲ್ಮಿತಿಯಿಲ್ಲ.

ಇಲ್ಲಿ 'ಸೆಕೆಂಡ್ ಲೈಫ್' ಎಂಬ ಲೋಕದ ಜಮೀನಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ 'ಇಲ್ಲದ ಭೂಮಿ' ಎಂಬ ಮಾತು ಎಷ್ಟು ಅರ್ಧಸತ್ಯವೆಂಬುದು ಅಲ್ಲಿ ಗೊತ್ತಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ 2003ರಲ್ಲಿ ತೆರೆದ ಈ ಲೋಕದಲ್ಲಿ ಭೂಮಿಯ ಘಟಕ 256 ಮೀಟರ್ ಉದ್ದ, 256 ಮೀಟರ್ ಅಗಲದ ಒಂದು ಚೌಕ. ನಮ್ಮ ಲೆಕ್ಕದಲ್ಲಿ ಹದಿನಾರು ಎಕರೆ ಎಂಟು ಗುಂಟೆ. ಇಂಥ ಚೌಕವೊಂದನ್ನು ಸ್ವಂತ ದ್ವೀಪವಾಗಿ ಇಟ್ಟುಕೊಳ್ಳಲು ಬಹುಕಾಲ ತಿಂಗಳಿಗೆ 295 ಡಾಲರ್, ಅಂದರೆ ವರ್ಷಕ್ಕೆ 3540 ಡಾಲರ್, ನಿರ್ವಹಣಾ ಶುಲ್ಕವಿತ್ತು. ಯಾವುದರ ನಿರ್ವಹಣೆ? ಒಂದು ಚೌಕವನ್ನು ನಡೆಸಲು ನಿಜವಾದ ಕಂಪ್ಯೂಟರೊಂದರ ಪ್ರೊಸೆಸರಿನ ಒಂದು ಭಾಗ ಹಗಲಿರುಳು ದುಡಿಯುತ್ತಿತ್ತು. ಅಲ್ಲಿ ಬೀಸುವ ಗಾಳಿ, ಬೀಳುವ ಚೆಂಡು, ತೆರೆಯುವ ಬಾಗಿಲು ಎಲ್ಲವನ್ನೂ ಅದು ಕ್ಷಣಕ್ಷಣವೂ ಲೆಕ್ಕ ಹಾಕುತ್ತಿತ್ತು. ಕಂಪ್ಯೂಟರಿನ ಶಕ್ತಿಗೆ ಮಿತಿಯಿರುವುದರಿಂದ ಒಂದು ಚೌಕದಲ್ಲಿ 'ಪ್ರಿಮ್' ಎಂಬ ಮೂಲ ಆಕೃತಿಗಳನ್ನು 15,000ಕ್ಕಿಂತ ಹೆಚ್ಚು ಇಡುವಂತಿರಲಿಲ್ಲ. ಎಕರೆಗೆ ಸುಮಾರು 550 ಅಡಿಕೆ ಮರ ಎಂಬ ನಮ್ಮ ಮಿತಿಯೂ ಇಂಥದ್ದೇ. ಅದಕ್ಕಿಂತ ಒತ್ತಾಗಿ ನೆಟ್ಟರೆ ಬಿಸಿಲು ಸಾಲದು, ಬೇರಿಗೆ ಗೊಬ್ಬರ ಸಾಲದು. ತೋಟ ಕೊಳ್ಳುವವನು ವಿಸ್ತೀರ್ಣಕ್ಕಿಂತ ಫಸಲು ಬಿಡುವ ಮರ ಎಷ್ಟೆಂದು ಕೇಳುವಂತೆ, ಸೆಕೆಂಡ್ ಲೈಫ್‌ನಲ್ಲಿ 512 ಚದರ ಮೀಟರಿನ ಚಿಕ್ಕ ನಿವೇಶನ ಹಿಡಿದವನೂ ಅದಕ್ಕೆ ಸಿಗುವ 117 ಪ್ರಿಮ್‌ಗಳನ್ನೇ ಎಣಿಸುತ್ತಿದ್ದ. ಮೆಟ್ಟಿಲಿಗೊಂದು, ಕಿಟಕಿಗೊಂದು, ಕುರ್ಚಿಗೆ ನಾಲ್ಕು ಎಂದು ಮುಗಿದೇ ಹೋಗುತ್ತಿದ್ದವು. ಉದ್ಯಾನ ಬೇಕೆಂದರೆ ಪಕ್ಕದ ನಿವೇಶನವನ್ನೂ ಕೊಳ್ಳಬೇಕು. ಅಂದಮೇಲೆ ಆ ಮನುಷ್ಯ ಇಲ್ಲದ ಮಣ್ಣಿಗೆ ಹಣ ಕೊಡುತ್ತಿರಲಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ವಿದ್ಯುತ್ತು ತಿನ್ನುತ್ತಾ ಬಿಸಿಯಾಗುತ್ತಿದ್ದ ಯಂತ್ರದ ಒಂದು ಪಾಲಿಗೆ ಬಾಡಿಗೆ ಕೊಡುತ್ತಿದ್ದ.

ಅಂಗಿಯ ಕಥೆ ಬೇರೆ. ಒಮ್ಮೆ ಹೊಲಿದ ವರ್ಚುವಲ್ ಅಂಗಿಯ ಎರಡನೆಯ ಪ್ರತಿಗೆ ತಗಲುವ ವೆಚ್ಚ ಹೆಚ್ಚುಕಡಿಮೆ ಸೊನ್ನೆ. ಆದ್ದರಿಂದ ಅದರ ಬೆಲೆ ನಿಲ್ಲುವುದು ಕೊಳ್ಳುವವನ ಮನಸ್ಸಿನ ಮೇಲೆ ಮಾತ್ರ, ಮನಸ್ಸುಗಳಾದರೋ ಒಂದರಂತೆ ಒಂದಿಲ್ಲ. ಇಲ್ಲಿಯೇ 'ಸರಾಸರಿ' ಎಂಬ ಪದ ಮೋಸ ಮಾಡಲು ಆರಂಭಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅದೇ ಜಿಲ್ಲೆಯ ಶಿಕಾರಿಪುರದ ರೈತ ಮುಗಿಲು ನೋಡುತ್ತಾ ನಿಂತಿರುತ್ತಾನೆ. ಎರಡನ್ನೂ ಕೂಡಿಸಿ ಭಾಗಿಸಿ ಬಂದ ಜಿಲ್ಲಾ ಸರಾಸರಿಯನ್ನು ನಂಬಿ ಆಗುಂಬೆಯವನು ಸೂರು ಕಟ್ಟಿದರೆ ಸೋರುತ್ತದೆ, ಶಿಕಾರಿಪುರದವನು ಬಿತ್ತಿದರೆ ಒಣಗುತ್ತದೆ. ಉಚಿತ ಪ್ರವೇಶದ ಲೋಕಗಳಲ್ಲಿ ಖರ್ಚಿನ ಮಳೆ ಬೀಳುವುದು ಇದಕ್ಕಿಂತಲೂ ಅಸಮವಾಗಿ.

ಸ್ವರ್ವ್ ಎಂಬ ವಿಶ್ಲೇಷಣಾ ಸಂಸ್ಥೆ 2014ರ ಜನವರಿ ತಿಂಗಳ ಮೊಬೈಲ್ ಆಟಗಳ ಲೆಕ್ಕ ತೆಗೆದಾಗ, ಆಡುವವರಲ್ಲಿ ನೂರಕ್ಕೆ ಒಂದೂವರೆ ಮಂದಿ ಮಾತ್ರ ಹಣ ಕೊಟ್ಟಿದ್ದರು; ಆ ಹಣ ಕೊಟ್ಟವರಲ್ಲಿಯೂ ಮೇಲಿನ ಹತ್ತನೆಯ ಒಂದು ಪಾಲಿನವರಿಂದಲೇ ಅರ್ಧ ಆದಾಯ ಬಂದಿತ್ತು. ಸುಲಭದ ಅಂಕಿಗಳಿಂದ ಇದನ್ನು ಬಿಡಿಸೋಣ. ಹತ್ತು ಸಾವಿರ ಜನ ಆಡುವ ಒಂದು ಆಟಕ್ಕೆ ತಿಂಗಳಲ್ಲಿ ಮೂರು ಲಕ್ಷ ರೂಪಾಯಿ ಬಂತೆಂದು ಭಾವಿಸಿದರೆ, ಸರಾಸರಿ ತಲೆಗೆ ಮೂವತ್ತು ರೂಪಾಯಿ. ವಾಸ್ತವದಲ್ಲಿ 9850 ಜನರು ಬಿಡಿಗಾಸನ್ನೂ ಕೊಟ್ಟಿಲ್ಲ. ಉಳಿದ 150ರಲ್ಲಿ 135 ಜನರಿಂದ ಒಂದೂವರೆ ಲಕ್ಷ, ಅಂದರೆ ತಲಾ ಸುಮಾರು 1100 ರೂಪಾಯಿ. ಇನ್ನೊಂದು ಒಂದೂವರೆ ಲಕ್ಷ ಬಂದಿರುವುದು ಬರಿಯ ಹದಿನೈದು ಮಂದಿಯಿಂದ, ತಲಾ ಹತ್ತು ಸಾವಿರ. ಮೂವತ್ತು ರೂಪಾಯಿ ಕೊಟ್ಟ ಆ 'ಸರಾಸರಿ ಆಟಗಾರ' ಹತ್ತು ಸಾವಿರ ಮಂದಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಈ ಹದಿನೈದು ಮಂದಿಯನ್ನು ಉದ್ಯಮದವರು 'ತಿಮಿಂಗಿಲಗಳು' ಎಂದು ಕರೆಯುತ್ತಾರೆ. ಗ್ರಾಹಕನನ್ನು ಬೇಟೆಯ ಪ್ರಾಣಿಯ ಹೆಸರಿನಿಂದ ಕರೆಯುವ ವ್ಯಾಪಾರದ ಬಗ್ಗೆ ನನಗೆ ಗೌರವ ಮೂಡುವುದಿಲ್ಲ.

ಇನ್ನು ಬೆರಗಿನ ಸುದ್ದಿಗಳು. 2014ರ ಜನವರಿ 27ರಂದು 'ಈವ್ ಆನ್‌ಲೈನ್' ಎಂಬ ಬಾಹ್ಯಾಕಾಶ ಲೋಕದಲ್ಲಿ ಮಹಾಯುದ್ಧವೊಂದು ನಡೆದು, ಟೈಟನ್ ಎಂಬ ಬೃಹತ್ ನೌಕೆಗಳು 75 ಹಾಳಾದವು. ಸುಮಾರು ಮೂರು ಲಕ್ಷ ಡಾಲರ್ ಸುಟ್ಟು ಹೋಯಿತೆಂದು ಜಗತ್ತಿನ ಪತ್ರಿಕೆಗಳು ಬರೆದವು. ಕಲಹಕ್ಕೆ ಕಾರಣ ಒಂದು ನೆಲೆಯ ಶುಲ್ಕವನ್ನು ಸಕಾಲದಲ್ಲಿ ಕಟ್ಟದೆ ಹೋದದ್ದು, ಕಂದಾಯ ಬಾಕಿಯಿಂದ ಜಮೀನು ಹೋದಂತೆ. ಆದರೆ ಆ ಮೂರು ಲಕ್ಷವನ್ನು ಯಾರೂ ಜೇಬಿನಿಂದ ತೆಗೆದು ಸುಟ್ಟಿರಲಿಲ್ಲ. ಆಟಗಾರರು ಗುಂಪಾಗಿ ತಿಂಗಳುಗಟ್ಟಲೆ ಅದಿರು ಅಗೆದು ಕಟ್ಟಿದ ನೌಕೆಗಳ ಬೆಲೆಯನ್ನು, ಆಟದ ಹಣಕ್ಕೂ ಡಾಲರಿಗೂ ಇರುವ ವಿನಿಮಯ ದರದಿಂದ ಗುಣಿಸಿ ಬಂದ ಮೊತ್ತ ಅದು. ಅಜ್ಜಿ ಹೊಲಿದ ಕೌದಿಗೆ ಪೇಟೆಯ ದರದಲ್ಲಿ ಕೂಲಿ ಹಿಡಿದು, ಅದು ಹರಿದ ದಿನ ಮನೆಗೆ ಇಷ್ಟು ಸಾವಿರ ನಷ್ಟವಾಯಿತೆಂದು ಬರೆದ ಹಾಗೆ. ಇನ್ನೊಂದು ತುದಿಯಲ್ಲಿ, ಸ್ವೀಡನ್ನಿನ 'ಎಂಟ್ರೋಪಿಯಾ' ಲೋಕದ ಕ್ಷುದ್ರಗ್ರಹವೊಂದನ್ನು ಜಾನ್ ಜೇಕಬ್ಸ್ ಎಂಬಾತ 2005ರಲ್ಲಿ ಒಂದು ಲಕ್ಷ ಡಾಲರಿಗೆ ಕೊಂಡು, 2010ರಲ್ಲಿ 6,35,000 ಡಾಲರಿಗೆ ಮಾರಿದ್ದು ನಿಜವಾದ ಹಣದ ವ್ಯವಹಾರವೇ. ಆದರೆ ಅಲ್ಲಿಗೆ ಬರುವವರಿಂದ ತೆರಿಗೆ ಎತ್ತುತ್ತಿದ್ದ ಅವನನ್ನು ಹವ್ಯಾಸಿಯೆಂದು ಕರೆಯಲಾಗದು. ಅವನು ಜಾತ್ರೆಯ ಸುಂಕದ ಗುತ್ತಿಗೆದಾರ.

ಸಾಮಾನ್ಯ ಹವ್ಯಾಸಿಯ ಕೈ ಜಾರುವುದು ಬೇರೆ ಜಾಗದಲ್ಲಿ. ಹಣ ಕೈಬಿಡುವಾಗ ಮನಸ್ಸಿಗೆ ಆಗುವ ಸಣ್ಣ ನೋವನ್ನು ಡ್ರಾಜೆನ್ ಪ್ರೆಲೆಕ್ ಮತ್ತು ಜಾರ್ಜ್ ಲೋವನ್‌ಸ್ಟೈನ್ ಎಂಬ ಸಂಶೋಧಕರು 1998ರಲ್ಲಿ ಸಿದ್ಧಾಂತವಾಗಿ ಬೆಳೆಸಿದರು. ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟಿಗೆ ಕಾರ್ಡಿನಿಂದ ಕೊಡಬೇಕಾದವರು ಕೂಗಿದ ಹರಾಜು ನಗದು ಕೊಡಬೇಕಾದವರಿಗಿಂತ ಸುಮಾರು ಎರಡರಷ್ಟಿತ್ತು. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ ಈ ನೋವನ್ನು ತಿಂಗಳ ಕೊನೆಗೆ ತಳ್ಳುತ್ತದೆ; ಹಾಸ್ಟೆಲಿನ ಊಟದ ಕೂಪನ್ ಅದನ್ನು ತಿಂಗಳ ಆರಂಭಕ್ಕೆ ಎಳೆಯುತ್ತದೆ. ಎರಡರಲ್ಲಿಯೂ ದೋಸೆ ತಿನ್ನುವ ಗಳಿಗೆಗೆ ನೋವಿಲ್ಲ. ಆಟದ ವಜ್ರ, ನಾಣ್ಯ, ಸೆಕೆಂಡ್ ಲೈಫ್‌ನ ಲಿಂಡೆನ್ ಡಾಲರುಗಳು ಮಾಡುವುದೂ ಇದನ್ನೇ: ರೂಪಾಯಿ ಒಮ್ಮೆ ವೇಷ ಬದಲಿಸಿದ ಮೇಲೆ ಅದನ್ನು ಕಳೆಯುವುದು ಕಳೆದಂತೆ ಅನ್ನಿಸುವುದಿಲ್ಲ. ಅದರ ಮೇಲೆ, ನೂರರ ಕಟ್ಟು ಮಾರಿ ನೂರಿಪ್ಪತ್ತರ ಅಂಗಿ ತೂಗುಹಾಕುವ ಉಪಾಯವೂ ಇದೆ. ಎರಡು ಕಟ್ಟು ಕೊಂಡವನ ಬಳಿ ಉಳಿದ ಎಂಬತ್ತು ಮುಂದಿನ ಖರೀದಿಗೆ ಎಳೆಯುತ್ತಿರುತ್ತದೆ. ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿಸದೆ ಮಾರುವುದಂತೂ ಲಾಟರಿಯ ತಮ್ಮ. 2018ರಲ್ಲಿ ಬೆಲ್ಜಿಯಂ ಅದನ್ನು ಜೂಜೆಂದೇ ಹೇಳಿತು. ನಮ್ಮಲ್ಲಿ 2025ರ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಅಂಗಿ ಕೊಳ್ಳುವ ಆಟಗಳನ್ನಲ್ಲ. ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಬೈಯುವವರು ಆ ವ್ಯತ್ಯಾಸವನ್ನಾದರೂ ಗಮನಿಸಬೇಕಿತ್ತು.

ಮರುದಿನ ಬೆಳಿಗ್ಗೆ ಆ ಹುಡುಗನನ್ನು ಕೂರಿಸಿಕೊಂಡು, ಅವನ ಫೋನಿನ ಪಾವತಿಗಳನ್ನೆಲ್ಲ ಹುಡುಕಿ ತೆಗೆದು ವರ್ಷದ ಲೆಕ್ಕ ಬರೆದೆವು. ಅಂಗಿ, ಟೋಪಿ ಇತ್ಯಾದಿಗೆ 1850 ರೂಪಾಯಿ, ರೀಚಾರ್ಜಿಗೆ 3600, 14,000ದ ಫೋನು ಎರಡು ವರ್ಷ ಬಾಳುತ್ತದೆಂದು ಹಿಡಿದರೆ ವರ್ಷದ ಪಾಲು 7000. ಒಟ್ಟು 12,450. ದಿನಕ್ಕೆ ಒಂದೂವರೆ ಗಂಟೆಯಂತೆ ಅವನು ಆಡಿದ್ದು ಸುಮಾರು 550 ಗಂಟೆ, ಆದ್ದರಿಂದ ಗಂಟೆಗೆ 23 ರೂಪಾಯಿಗಿಂತ ತುಸು ಕಡಿಮೆ. ಅಂಗಿಗಳನ್ನಷ್ಟೇ ಹಿಡಿದರೆ ಗಂಟೆಗೆ ಮೂರು ರೂಪಾಯಿ ಮೂವತ್ತಾರು ಪೈಸೆ. ಹುಡುಗ ಎರಡನೆಯ ಅಂಕಿಯೇ ಸರಿಯೆಂದ, ಏಕೆಂದರೆ ಫೋನು ಪಾಠಕ್ಕೂ ಬೇಕು. ಅದನ್ನು ಕೇಳಿಸಿಕೊಂಡ ದೊಡ್ಡಪ್ಪ, ಪಾಠಕ್ಕೆಂದೇ ತಾವು ಕೊಡಿಸಿದ ಆ ಫೋನು ಪಾಠಕ್ಕೆ ಎಷ್ಟು ಗಂಟೆ ಬಳಕೆಯಾಯಿತೆಂಬ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯುವಂತೆ ಹೇಳಿದರು.