ವಿಮಾನ ಸುತ್ತಾಕ್ಕೊಂಡು ಹೋಗೋದಿಲ್ಲ

ಹಾಸನದಿಂದ ಚಿಕ್ಕಮಗಳೂರಿಗೆ ಬೇಲೂರಿನ ಮೇಲೆ ಹೋದರೆ 60 ಕಿ.ಮೀ. ದಾಟುತ್ತದೆ, ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದರೆ 50. ಇಷ್ಟು ದೂರಕ್ಕೆ ಸ್ಕೇಲು ಸಾಕು. ಆದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮಗಳು ಹೊರಟ ದಿನ ಮೊಬೈಲಿನಲ್ಲಿ ವಿಮಾನದ ಜಾಡು ನೋಡುತ್ತ ಕೂತವರದು ಒಂದೇ ತಕರಾರು: 'ಇದ್ಯಾಕೆ ಸೈಬೀರಿಯಾ ಕಡೆ ಸುತ್ತಾಕ್ಕೊಂಡು ಹೋಗ್ತಿದೆ?'

ಸುತ್ತು ಇರುವುದು ನಕ್ಷೆಯಲ್ಲಿ ಮಾರಾಯ್ರೇ, ದಾರಿಯಲ್ಲಲ್ಲ.

ರಾಗಿ ಕಣ ನೆನಪಿಸಿಕೊಳ್ಳಿ. ನಡುವಿನ ಕಂಬಕ್ಕೆ, ಅಂದರೆ ಮೇಟಿಗೆ, ಹತ್ತಿರದ ಎತ್ತೂ ಹೊರಗಿನ ಎತ್ತೂ ಹಾಕುವ ಸುತ್ತು ಒಂದೇ, ಆದರೆ ಒಳಗಿನದು ನಡೆಯುವುದು ಕಡಿಮೆ. ಭೂಮಿಗೆ ಧ್ರುವವೇ ಮೇಟಿ. ರೇಖಾಂಶದ ಒಂದು ಡಿಗ್ರಿ ಹಾಸನದಲ್ಲಿ 108 ಕಿ.ಮೀ.; 71 ಡಿಗ್ರಿ ಅಕ್ಷಾಂಶದಲ್ಲಿ ಬರೀ 36. ಅಲ್ಲಿ ಪೂರ್ವಕ್ಕೆ ಸರಿಯುವುದು ಅಗ್ಗ. ನಂಬಿಕೆ ಬರದಿದ್ದರೆ ತೋಟದ ಕಿತ್ತಳೆ ಹಣ್ಣಿಗೆ, ನಡುವಿಗಿಂತ ತುಸು ಮೇಲೆ, ಆ ಬದಿಗೊಂದು ಈ ಬದಿಗೊಂದು ಗುಂಡುಪಿನ್ನು ಚುಚ್ಚಿ ದಾರ ಬಿಗಿಯಿರಿ. ದಾರ ತಾನಾಗಿ ತೊಟ್ಟಿನ ಕಡೆ ಜಾರುತ್ತದೆ. ಉಂಡೆಯ ಮೇಲೆ ಎರಡು ಜಾಗಗಳ ನಡುವಿನ ಅತಿ ಹತ್ತಿರದ ಆ ದಾರಿಗೇ ಮಹಾವೃತ್ತದ ದಾರಿ ಎನ್ನುತ್ತಾರೆ.

ಮೊಬೈಲಿನಲ್ಲಿ ಸಾಮಾನ್ಯವಾಗಿ ಕಾಣುವ ನಕ್ಷೆಗೆ ಮೂಲ ಮರ್ಕೇಟರ್ ಎಂಬ ನಕ್ಷೆಗಾರ. 1569ರಲ್ಲಿ ಆತ ಅದನ್ನು ಬರೆದದ್ದು ಹಡಗಿನವರಿಗೆ. ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗಿದರೆ ಅದರಲ್ಲಿ ನೇರ ಗೆರೆ ಬೀಳಬೇಕಿತ್ತು. ಅದಕ್ಕಾಗಿ ಆತ ಉತ್ತರಕ್ಕೆ ಹೋದಂತೆ ನೆಲವನ್ನು ಹಿಗ್ಗಿಸಿದ: 60 ಡಿಗ್ರಿಯಲ್ಲಿ ಎರಡು ಪಟ್ಟು, 71ರಲ್ಲಿ ಮೂರು ಪಟ್ಟು. ಆ ನಕ್ಷೆಯ 'ನೇರ' ಗೆರೆ ಹಿಡಿದರೆ ಸ್ಯಾನ್ ಫ್ರಾನ್ಸಿಸ್ಕೋ 16,100 ಕಿ.ಮೀ.

ನಿಜದ ದೂರ ಕ್ಯಾಲ್ಕುಲೇಟರಿನಲ್ಲೇ ಸಿಗುತ್ತದೆ. ಬೆಂಗಳೂರು ವಿಮಾನ ನಿಲ್ದಾಣ ಉತ್ತರ 13.2, ಪೂರ್ವ 77.7, ಸ್ಯಾನ್ ಫ್ರಾನ್ಸಿಸ್ಕೋದ್ದು ಉತ್ತರ 37.62, ಪಶ್ಚಿಮ 122.38. ಒಂದು ಪೂರ್ವ, ಒಂದು ಪಶ್ಚಿಮವಾದ್ದರಿಂದ ರೇಖಾಂಶ ಕೂಡಿಸಿ: 200.08. ಇದು 180 ಮೀರಿತು, 360ರಿಂದ ಕಳೆಯಿರಿ: 159.92. ಎರಡು ಅಕ್ಷಾಂಶಗಳ ಸೈನ್ (ಕ್ಯಾಲ್ಕುಲೇಟರಿನ sin ಗುಂಡಿ) ಗುಣಿಸಿದರೆ 0.139. ಅವುಗಳ ಕಾಸ್‌ಗಳನ್ನು (cos ಗುಂಡಿ) 159.92ರ ಕಾಸ್ ಜೊತೆ ಗುಣಿಸಿದರೆ ಮೈನಸ್ 0.724. ಕೂಡಿಸಿದರೆ ಮೈನಸ್ 0.585; ಅದರ ವಿಲೋಮ ಕಾಸ್ (cos⁻¹ ಗುಂಡಿ) 125.8 ಡಿಗ್ರಿ. ಡಿಗ್ರಿಗೆ 111.2 ಕಿ.ಮೀ. ಹಿಡಿದರೆ ಸುಮಾರು 13,990. ನಕ್ಷೆಯ ಗೆರೆಗಿಂತ 2,100 ಕಿ.ಮೀ. ಉಳಿತಾಯ.

ಎಡವಟ್ಟಾಗುವುದು ಎರಡು ಕಡೆ. 13 ಡಿಗ್ರಿ 12 ನಿಮಿಷವನ್ನು 13.12 ಎಂದು ಬರೆಯುತ್ತಾರೆ. ಡಿಗ್ರಿಗೆ 60 ನಿಮಿಷ, ಅದು 13.2. ಇಲ್ಲಿಗೇ ಸುಮಾರು 9 ಕಿ.ಮೀ. ತಪ್ಪು. ಇನ್ನು ಎಕ್ಸೆಲ್‌ಗೆ ಡಿಗ್ರಿ ಅರ್ಥವಾಗದು. ಕೋನ ಅಳೆಯುವ ಇನ್ನೊಂದು ಮಾನವಾದ ರೇಡಿಯನ್‌ಗೆ ಬದಲಿಸದೆ ತುಂಬಿದರೆ ಬಾಯಿಗೆ ಬಂದ ಉತ್ತರ ಕೊಡುತ್ತದೆ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆ ಎಂಬುದರಿಂದ ಬರುವ ವ್ಯತ್ಯಾಸ ಹೆಚ್ಚೆಂದರೆ ಶೇ. 0.5, ಅದನ್ನು ಬಿಡಿ.

ಈ ದಾರಿ 71 ಡಿಗ್ರಿಯವರೆಗಷ್ಟೇ ಏರುತ್ತದೆ, ಉತ್ತರ ಧ್ರುವ ಮುಟ್ಟುವುದಿಲ್ಲ. ಆದರೂ 2021ರ ಜನವರಿಯಲ್ಲಿ ಈ ಎರಡು ಊರುಗಳ ನಡುವಿನ ಏರ್ ಇಂಡಿಯಾದ ಮೊದಲ ಹಾರಾಟ ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ಮೇಲೆಯೇ ಬೆಂಗಳೂರಿಗೆ ಬಂತು. ಧ್ರುವದ ಮೇಲೆ ಹಾಯ್ದರೆ 14,365 ಕಿ.ಮೀ.; 375 ಮಾತ್ರ ಜಾಸ್ತಿ. ಎದುರುಗಾಳಿ ತಪ್ಪುವುದಾದರೆ ಅಷ್ಟು ದೂರವನ್ನು ಪೈಲಟ್‌ಗಳು ಲೆಕ್ಕಕ್ಕೇ ಇಡುವುದಿಲ್ಲ.